ಮಾರುದ್ದದ ಹುಳ

ನಮ್ಮ ಅಪ್ಪ ಊಟಕ್ಕೆ ಕುಳಿತರೆ ಅನ್ನಕ್ಕೆ ಕೈ ಹಾಕುವ ಮೊದಲು ಒಮ್ಮೆ ತಲೆಯೆತ್ತಿ ಮನೆಯ ಮಾಡನ್ನು ನೋಡುತ್ತಿದ್ದರು. ಪಕ್ಕದಲ್ಲಿ ಹೊಸಬರು ಯಾರಾದರೂ ಕುಳಿತಿದ್ದರೆ, ಇವರು ದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡು ತಾವೂ ಕೈ ಮುಗಿಯುತ್ತಿದ್ದರು. ದೇವರೂ ಇಲ್ಲ, ದಿಂಡರೂ ಇಲ್ಲ. ಅಪ್ಪ ನೋಡುತ್ತಿದ್ದದ್ದು ಮೇಲೆ ಹಾವು ಇದೆಯೇ ಎಂದು. ಚಿಕ್ಕಂದಿನಲ್ಲಿ, ಉಡುಪಿ ಕಡೆಯ ಅವರ ಹುಲ್ಲಿನ ಮನೆಯಲ್ಲಿ, ಗಂಜಿ ಉಣ್ಣುತ್ತಿದ್ದಾಗ ಮಾಡಿನಿಂದ ಒಂದು ಹಾವು ಸೀದಾ ಬಟ್ಟಲಿಗೆ ಬಿದ್ದಿತ್ತಂತೆ. ಹಾವಿಗೆ ಏನೂ ಆಗಲಿಲ್ಲ. ಅದು ಗಂಜಿಯಲ್ಲಿ ಮಿಂದು ತನ್ನ ಪಾಡಿಗೆ ತಾನು ಹೋಯಿತು. ಆದದ್ದೆಲ್ಲ ಅಪ್ಪನಿಗೆ. ಆಮೇಲೆ ಉದ್ದಕ್ಕೆ ಇರುವುದು ಯಾವುದನ್ನು ಕಂಡರೂ ಅವರಿಗೆ ಆಗುತ್ತಿರಲಿಲ್ಲ. ಬಾವಿಯ ಹಗ್ಗವನ್ನು ನಮ್ಮಿಂದಲೇ ಎತ್ತಿಸುತ್ತಿದ್ದರು. ಫೋರ್ಟಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲಿ ದೋಸೆ ಹೊಯ್ಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಆದರೆ ಶ್ಯಾವಿಗೆ ಒತ್ತುವ ದಿನ ಮಾತ್ರ ಏನಾದರೂ ನೆಪ ಹೇಳಿ ಹೊರಗೆ ಹೋಗಿಬಿಡುತ್ತಿದ್ದರು.

ನಾವು ಇದ್ದದ್ದು ಮಲಾಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಒಂದಷ್ಟು ನಡೆದರೆ ಸಿಗುತ್ತಿದ್ದ ಬೈಠಿ ಚಾಳಿನಲ್ಲಿ. ಮಾಳಿಗೆ ಗೀಳಿಗೆ ಇಲ್ಲದ, ನೆಲಕ್ಕೆ ಕುಕ್ಕರಗಾಲಲ್ಲಿ ಕೂತ ಚಾಳು. ಹಂಚಿನ ಮಾಡು, ಸಾಲಾಗಿ ಮನೆಗಳು, ಕೊನೆಯದು ನಮ್ಮದು. ಹಿಂದೆ ಹಿತ್ತಲು. ಅದರಾಚೆ ಭತ್ತದ ಗದ್ದೆ, ಗದ್ದೆಯಾಚೆ ತಾಳೆಮರಗಳು, ಅದರಾಚೆ ಗುಡ್ಡ. ಇವತ್ತು ಇದನ್ನು ಹೇಳಿದರೆ ನನ್ನ ಮೊಮ್ಮಗಳು "ಮಲಾಡ್‌ನಲ್ಲಿ? ಕುಛ್ ಭೀ, ಅಜ್ಜಿ!" ಎನ್ನುತ್ತಾಳೆ. ಅವಳಿರುವುದು ಹದಿನಾಲ್ಕನೆಯ ಮಾಳಿಗೆಯಲ್ಲಿ. ಕಿಟಕಿಗೆ ಒಂದು ಪಾರಿವಾಳ ಬಂದು ಹೇಲು ಹಾಕಿ ಹೋದರೆ ಅದರ ಫೋಟೋ ತೆಗೆದು 'ನೇಚರ್' ಎಂದು ಎಲ್ಲರಿಗೂ ಕಳಿಸುತ್ತಾಳೆ. ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಪಾರಿವಾಳ ಒಂದು ಪ್ರಾಣಿಯೇ? ಹಿತ್ತಲು ಎಂದರೆ ನಮ್ಮ ಹಿತ್ತಲು.

ಅಲ್ಲಿ ಒಂದು ಹಲಸಿನ ಮರವಿತ್ತು. ಬಾವಿ ಇತ್ತು, ಬಟ್ಟೆ ಒಗೆಯುವ ಕಲ್ಲಿತ್ತು. ಬಚ್ಚಲಿನ ನೀರು ಹರಿಯುವಲ್ಲಿ ಅಮ್ಮ ಊರಿನಿಂದ ತಂದು ನೆಟ್ಟ ಕೆಸುವಿನ ಗಿಡಗಳಿದ್ದವು. ಮಧ್ಯಾಹ್ನ ಒಂದು ಮುಂಗುಸಿ ಬಂದು ಗದ್ದೆಯ ಬದುವಿನ ಮೇಲೆ ನಿಂತು ನಮ್ಮನ್ನೆಲ್ಲ ಹಾಜರಿ ತೆಗೆದುಕೊಳ್ಳುವವರ ಹಾಗೆ ನೋಡಿ ಹೋಗುತ್ತಿತ್ತು. ಬೇಲಿಯೊಳಗಿಂದ ಕೆಂಬೂತ 'ಊಂಪ್ ಊಂಪ್' ಎಂದು ಕೂಗಿದರೆ ಅಪ್ಪ ಯಾರೋ ಖಾಲಿ ಬಾಟ್ಲಿ ಊದುತ್ತಿದ್ದಾರೆ ಎಂದು ಗದರಿಸಲು ಏಳುತ್ತಿದ್ದರು. ಅಮ್ಮನಿಗೆ ಈ ಹಿತ್ತಲೆಂದರೆ ಪ್ರಾಣ. ಬೆಳಿಗ್ಗೆ ಎದ್ದು ಹಿಂಬಾಗಿಲು ತೆರೆದು "ಎಂತೆಲ್ಲ ಬಂದಿದೆ ನೋಡುವ" ಎಂದು ಒಂದು ಸುತ್ತು ಹೊಡೆದು ಬಂದ ಮೇಲೆಯೇ ಒಲೆ ಹಚ್ಚುತ್ತಿದ್ದುದು.

ಪಕ್ಕದ ಮನೆಯಲ್ಲಿ ಧಾರವಾಡದ ಗಂಡ ಹೆಂಡತಿ ಇದ್ದರು. ಅವರು ನಮ್ಮ ಅಮ್ಮನನ್ನು 'ವೈನಿ' ಎನ್ನುತ್ತಿದ್ದರು, ಅಂದರೆ ಅತ್ತಿಗೆ. ನಾವು ಮಕ್ಕಳು ಅವರನ್ನು ಕಾಕಾ, ಕಾಕು ಎನ್ನುತ್ತಿದ್ದೆವು. ಕಾಕಾ ಫೋರ್ಟಿನಲ್ಲಿ ಯಾವುದೋ ಆಫೀಸಿನ ಗುಮಾಸ್ತರು. ಮಕ್ಕಳಿರಲಿಲ್ಲ. ಹಾಗಾಗಿ ಕಾಕು ಇಡೀ ದಿನ ನಮ್ಮ ಹಿತ್ತಲಿನಲ್ಲೇ. ಇಬ್ಬರ ಕನ್ನಡವೂ ಕನ್ನಡವೇ, ಆದರೆ ಅಮ್ಮ "ಉಂಟು" ಎಂದರೆ ಕಾಕು "ಏನ ಉಣ್ಣೂದು?" ಎಂದು ಕೇಳುತ್ತಿದ್ದರು. ಹಾಗೆ ಶುರುವಾದದ್ದು ಗೆಳೆತನ.

ಕಾಕಾನಿಗೆ ಒಂದು ಕೆಟ್ಟ ಚಾಳಿ. ಚೈತ್ರ ಬಂದು ಹಲಸಿನ ಮರದಲ್ಲಿ ಕೋಗಿಲೆ ಕೂಗತೊಡಗಿತೋ, ಇವರು ಬಚ್ಚಲಿನೊಳಗಿಂದ ಅದಕ್ಕೆ ಉತ್ತರ ಕೊಡುತ್ತಿದ್ದರು. ಅದು 'ಕುಹೂ' ಎಂದರೆ ಇವರೂ 'ಕುಹೂ'. ಅದು ಸ್ವರ ಏರಿಸಿದರೆ ಇವರೂ ಏರಿಸುವುದು. ಕೋಗಿಲೆಗೆ ರೇಗಿಹೋಗಿ ಅದು ಕಿರುಚಾಡುವ ಹೊತ್ತಿಗೆ ಇವರಿಗೆ ಲೋಕಲ್ ರೈಲು ತಪ್ಪಿರುತ್ತಿತ್ತು. "ಹಕ್ಕೀ ಜೋಡೀನೂ ಸೋಲಂಗಿಲ್ಲ ಅಂತಾರ ನಮ್ಮ ಮನಿಯವರು, ಏನ ಮಾಡ್ಲಿ ಹೇಳ್ರಿ ವೈನಿ" ಎಂದು ಕಾಕು ತಲೆ ತಲೆ ಬಡಿದುಕೊಳ್ಳುತ್ತಿದ್ದರು.

ಅಪ್ಪ ಹೋಟೆಲಿನಲ್ಲೇ ಮಲಗುತ್ತಿದ್ದರು. ನಸುಕಿಗೇ ಹೆಂಚು ಕಾಯಬೇಕು, ಮಲಾಡಿನಿಂದ ದಿನಾ ಬರುವುದು ಹೇಗೆ? ಹಾಗಾಗಿ ಭಾನುವಾರ ಮಾತ್ರ ಮನೆ. ಬಂದವರು ನನ್ನ ತಮ್ಮನನ್ನು ಎತ್ತಿಕೊಳ್ಳಲು ಹೋದರೆ ಅವನು ಅಮ್ಮನ ಸೀರೆಯ ಹಿಂದೆ ಅಡಗುತ್ತಿದ್ದ. ಅವನಿಗೆ ಆಗ ಐದೋ ಏನೋ. "ನೋಡು, ಇವನು ನನ್ನನ್ನು ನೆಂಟರ ಹಾಗೆ ಮಾಡ್ತಾನೆ" ಎಂದು ಅಪ್ಪ ನಗುತ್ತಲೇ ಹೇಳುತ್ತಿದ್ದರು, ಆದರೆ ಅವರಿಗೆ ನೋವಾಗುತ್ತಿತ್ತು. ಅದಕ್ಕೇ ಆ ವರ್ಷ ಅವರ ತಲೆಯಲ್ಲಿ ಒಂದು ಕೋಣೆ ಹೊಕ್ಕಿತು. ಹೋಟೆಲಿನ ಹಿಂದಿನ ಬಿಲ್ಡಿಂಗಿನಲ್ಲಿ ಒಂದು ಕೋಣೆ ಖಾಲಿಯಾಗುತ್ತದೆ, ಬೇಕಿದ್ದರೆ ಕೊಡಿಸುತ್ತೇನೆ ಎಂದು ಧಣಿಗಳು ಹೇಳಿದ್ದರಂತೆ. ನಳದ ನೀರು, ಹತ್ತಿರದಲ್ಲೇ ಶಾಲೆ, ದಿನಾ ರಾತ್ರಿ ಎಲ್ಲರೂ ಒಟ್ಟಿಗೆ.

"ಇಲ್ಲಿಗೆ ಎಂತ ಕಮ್ಮಿ ಮಾರಾಯ್ರೆ?" ಎಂದಳು ಅಮ್ಮ.

"ಕಮ್ಮಿ ಇಲ್ಲ, ಹೆಚ್ಚು. ಇಷ್ಟು ಹುಲ್ಲು, ಇಷ್ಟು ಪೊದೆ. ನಾನು ಒಂದು ಮಾತು ಹೇಳಿಬಿಡ್ತೇನೆ. ಇಲ್ಲಿ ಒಂದೇ ಒಂದು ಹಾವು ಉಂಟು ಅಂತ ಗೊತ್ತಾಗ್ಲಿ, ಮರುದಿನವೇ ಗಂಟುಮೂಟೆ ಕಟ್ಟುವುದು. ಮತ್ತೆ ಮಾತಿಲ್ಲ."

ಅಪ್ಪ ಆಡಿದ ಮಾತನ್ನು ತಿರುಗಿಸುವವರಲ್ಲ. ದೋಸೆ ಬೇಕಾದರೆ ತಿರುಗಿಸಿಯಾರು, ಮಾತು ಇಲ್ಲ.

ಇದಾಗಿ ಸ್ವಲ್ಪ ದಿನಕ್ಕೆ, ಬಿಸಿಲು ಚೆನ್ನಾಗಿ ಏರಿದ್ದ ಒಂದು ಬೆಳಿಗ್ಗೆ, ಬಾವಿಯ ಹತ್ತಿರದಿಂದ ಕಾಕು ಕೂಗಿದರು. "ವೈನೀ! ಬರ್ರಿ, ಲಗೂನ ಬರ್ರಿ! ಹುಳ! ಹುಳ ಬಂದದ!"

ಅಮ್ಮ ಒಲೆಯ ಮುಂದೆ ಗುಜ್ಜೆ ಹೆಚ್ಚುತ್ತಿದ್ದಳು. ಎಳೆ ಹಲಸಿಗೆ ನಮ್ಮ ಕಡೆ ಗುಜ್ಜೆ ಎನ್ನುತ್ತಾರೆ. ಕೈಗೆಲ್ಲ ಮೇಣ. "ಒಂದು ಹುಳಕ್ಕೆ ಯಾರಾದರೂ ಹೀಗೆ ಬೊಬ್ಬೆ ಹೊಡೀತಾರಾ?" ಎಂದು ಗೊಣಗುತ್ತಾ ಮೂಲೆಯಲ್ಲಿದ್ದ ಹಿಡಿಸೂಡಿ ತೆಗೆದುಕೊಂಡು ಹೊರಟಳು. ಹಿಡಿಸೂಡಿ ಎಂದರೆ ತೆಂಗಿನ ಕಡ್ಡಿಯ ಪೊರಕೆ. ನಾನೂ ತಮ್ಮನೂ ಹಿಂದೆ.

ಕಾಕು ಒಗೆಯುವ ಕಲ್ಲಿನ ಮೇಲೆ ಹತ್ತಿ, ಸೀರೆ ಮೊಣಕಾಲಿಗೆತ್ತಿ ನಿಂತಿದ್ದರು.

"ಎಲ್ಲುಂಟು? ಎಷ್ಟು ದೊಡ್ಡದು?"

"ಮಾರುದ್ದ ಅದರೀ ವೈನಿ!" ಎಂದು ಕಾಕು ಎರಡೂ ಕೈ ಚಾಚಿದರು.

ಈ ಧಾರವಾಡದವರು ಎಲ್ಲವನ್ನೂ ದೊಡ್ಡದು ಮಾಡಿ ಹೇಳುತ್ತಾರೆ ಎಂದು ಅಮ್ಮನ ಖಾತ್ರಿ ನಂಬಿಕೆ. ಕಾಕಾನ ಮೀಸೆ, ಅವರ ಮನೆಯ ಜೋಳದ ಭಕ್ಕರಿ, ಎಲ್ಲದಕ್ಕೂ ಅವಳಲ್ಲಿ ಸಾಕ್ಷಿಯಿತ್ತು. "ಆಯ್ತು, ಆಯ್ತು, ಮಾರುದ್ದದ ಹುಳ. ನೀವು ಇಳಿಯಿರಿ, ನಾನು ಗುಡಿಸಿ ಬಿಸಾಡ್ತೇನೆ" ಎಂದು ಕಲ್ಲಿನ ಬುಡದ ಒಣ ಎಲೆಗೆ ಹಿಡಿಸೂಡಿ ಹಾಕಿ ಒಮ್ಮೆ ಎಳೆದು ಗುಡಿಸಿದಳು. ಎಲೆಯ ಜೊತೆಗೆ ಒಂದು ಬಾಲ ಬಂತು. ಬಾಲದ ಹಿಂದೆ ಇನ್ನಷ್ಟು ಬಂತು. ಮತ್ತೂ ಬಂತು. ಅಮ್ಮ ಇನ್ನೂ ಗುಡಿಸುತ್ತಲೇ ಇದ್ದಳು. ಅದು ಪಾಪ, ಹೊಟ್ಟೆ ತುಂಬ ಇಲಿ ತಿಂದು ಮಲಗಿತ್ತೇನೋ, ಎದ್ದು ಹೆಡೆಯಿಲ್ಲದ ತಲೆಯೆತ್ತಿ ಯಾರಪ್ಪ ಇದು ಎನ್ನುವ ಹಾಗೆ ನೋಡಿತು.

"ಹಾವು!" ಎಂದು ಅಮ್ಮ ಕಿರುಚಿ ಹಿಡಿಸೂಡಿಯನ್ನು ಬಾವಿಗೆ ಎಸೆದು ಕಲ್ಲು ಹತ್ತಿದಳು. ಹಾವು ಬೇಲಿಗೆ ಹೋಯಿತು. ಕಲ್ಲಿನ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದರು.

"ಹಾವು ಅಂತ ಹೇಳಬಾರದಿತ್ತಾ ಮಾರಾಯ್ತಿ!"

ಕಾಕು ಮೇಣವಾಗಿದ್ದ ಅಮ್ಮನ ಕೈಯನ್ನೇ ಎತ್ತಿ ಅಮ್ಮನ ಬಾಯಿಗೆ ಮುಚ್ಚಿದರು. "ಶ್! ಹೆಸರ ಹಿಡೀಬ್ಯಾಡ್ರಿ! ಹೆಸರ ಹಿಡದ್ರ ಕರದಂಗ ಆಗ್ತದ, ಮತ್ತ ಬರ್ತದ. ನಮ್ಮ ಕಡೆ ಅದಕ್ಕ ಹುಳ ಅಂತಾರ್ರಿ. ಹುಳ."

ಬಾಯಿಗೆ ಹತ್ತಿದ ಮೇಣ ಎಣ್ಣೆ ಹಚ್ಚಿ ತೆಗೆಯುವಷ್ಟರಲ್ಲಿ ಅಮ್ಮನಿಗೆ ಎಲ್ಲ ಅರ್ಥವಾಗಿತ್ತು. ಅದು ಕೇರೆ ಹಾವು. ಪಾಪದ್ದು. ಕಚ್ಚಿದರೂ ವಿಷವಿಲ್ಲ, ಇಲಿ ಹಿಡಿಯುತ್ತದೆ. ಹೆದರುವಂಥದ್ದೇನಲ್ಲ. ಹೆದರಬೇಕಾದದ್ದು ಭಾನುವಾರಕ್ಕೆ. ಅಪ್ಪನ ಕಿವಿಗೆ ಹಾವು ಎಂಬ ಎರಡಕ್ಷರ ಬಿದ್ದರೆ ನಮ್ಮ ಹಿತ್ತಲು ಹೋದಂತೆ, ಹಲಸು ಹೋದಂತೆ, ಕಾಕು ಹೋದಂತೆ. ಕಾಕುವಿನ ಕಣ್ಣಲ್ಲಿ ನೀರು ಬಂತು. "ನೀವು ಹೋದ್ರ ನಾ ಯಾರ ಜೋಡಿ ಜಗಳಾ ಆಡ್ಲಿ?" ಎಂದರು.

ಅಮ್ಮ "ಹುಳ" ಎಂದಳು. ಇನ್ನೊಮ್ಮೆ, ರುಚಿ ನೋಡುವ ಹಾಗೆ, "ಹುಳ" ಎಂದಳು. "ಒಳ್ಳೆಯ ಶಬ್ದ. ಇವರಿಗೆ ಗೊತ್ತೇ ಆಗುವುದಿಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ಹಾವು ಎಂಬ ಶಬ್ದವೇ ಸತ್ತಿತು. "ಹುಳ ಇವತ್ತು ಕೆಸುವಿನ ಬುಡದಲ್ಲಿ ಉಂಟು", "ಹುಳ ಪೊರೆ ಬಿಟ್ಟಿದೆ", "ಹುಳಕ್ಕೆ ಇಲಿ ಸಿಕ್ಕಿತು" ಎಂದೆಲ್ಲ ರಾಜಾರೋಷವಾಗಿ ಮಾತಾಡುತ್ತಿದ್ದೆವು. ಭಾನುವಾರ ಬೆಳಿಗ್ಗೆ ಕಾಕುವಿಗೆ ಒಂದು ಕೆಲಸ ಗೊತ್ತುಮಾಡಿತ್ತು. ಅಪ್ಪ ಬಚ್ಚಲಿಗೆ ಹೋಗುವ ಮೊದಲು ಹಿತ್ತಲಲ್ಲಿ ಹಿತ್ತಾಳೆ ತಾಟು ಬಡಿಯುತ್ತಾ ಭಜನೆ ಹೇಳಬೇಕು. ಸದ್ದಿಗೆ ಹುಳ ಗದ್ದೆಗೆ ಹೋಗಲಿ ಎಂದು. ಕಾಕುವಿಗೆ ಸ್ವರವೂ ಇಲ್ಲ, ತಾಳವೂ ಇಲ್ಲ. ಹುಳವಷ್ಟೇ ಅಲ್ಲ, ಮುಂಗುಸಿ, ಅಳಿಲು, ಕಾಗೆ ಎಲ್ಲ ಊರು ಬಿಟ್ಟು ಓಡುತ್ತಿದ್ದವು. "ಎಂಥ ಭಕ್ತಿ ಆ ಹೆಂಗಸಿಗೆ! ನೀನೂ ಸ್ವಲ್ಪ ಕಲಿ" ಎಂದು ಅಪ್ಪ ಅಮ್ಮನಿಗೆ ಬುದ್ಧಿ ಹೇಳುತ್ತಿದ್ದರು. ಅಮ್ಮ ತುಟಿ ಕಚ್ಚಿಕೊಂಡು ತಲೆಯಾಡಿಸುತ್ತಿದ್ದಳು.

ತೊಂದರೆಯಿದ್ದದ್ದು ತಮ್ಮನದು. ಅವನ ಬಾಯಿ ತೂತುಬಿದ್ದ ಕೊಡ. ಶನಿವಾರ ಸಂಜೆ ಅಮ್ಮ ಅವನನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು. "ಬಾವಿ ಹತ್ತಿರ ಇರುವುದು ಎಂತ?" "ಹಾ..." "ಹಾ ಅಲ್ಲ!" "ಹುಳ." "ಜಾಣ." ಆದರೆ ಆ ಮಂಡೆಯಲ್ಲಿ ಏನು ನಡೆಯಿತೋ, ಹಾವು ಹುಳವಾದರೆ ಹುಳ ಹಾವಾಗಬೇಕಷ್ಟೇ ಎಂದು ಅವನೇ ಲೆಕ್ಕ ಹಾಕಿಬಿಟ್ಟಿದ್ದ. ಒಂದು ಭಾನುವಾರ ಅಪ್ಪ ಚಾಪೆಯ ಮೇಲೆ ಕಾಲು ಚಾಚಿ ಚಾ ಕುಡಿಯುತ್ತಿದ್ದಾಗ ಇವನು ಹಿತ್ತಲಿಂದ ಓಡಿಬಂದು, "ಅಪ್ಪಾ, ಕೆಸುವಿನ ಎಲೆಯಲ್ಲಿ ಹಾವು! ಹಸಿರು ಹಾವು! ಎಲೆ ತಿಂತಾ ಉಂಟು!" ಎಂದ.

ಅಪ್ಪ ಎಲ್ಲಿ ಹತ್ತಿದರು ಎಂದು ಹೇಳಲಿ? ನಮ್ಮಲ್ಲಿ ಮಂಚವಿರಲಿಲ್ಲ, ಮೇಜಿರಲಿಲ್ಲ. ಅಕ್ಕಿಯ ಡಬ್ಬಿಯ ಮೇಲೆ ಹತ್ತಿದರು. ಅದು ಗುಂಡನೆಯ ಡಬ್ಬಿ, ಅಪ್ಪನೂ ಗುಂಡಗಿದ್ದವರು. ಕೈಯಲ್ಲಿ ಇನ್ನೂ ಚಾ. ಅಮ್ಮ ಬಣ್ಣಗೆಟ್ಟ ಮುಖದಲ್ಲಿ ಹಿತ್ತಲಿಗೆ ಓಡಿದಳು, ನೋಡಿದಳು, ಎಲೆಯನ್ನು ಕಿತ್ತು ಒಳಗೆ ತಂದು ಅಪ್ಪನ ಮೂಗಿಗೆ ಹಿಡಿದಳು. ಎಲೆಯ ಮೇಲೆ ಕಿರುಬೆರಳಿನಷ್ಟಿನ ಒಂದು ಕಂಬಳಿಹುಳ ಕುಳಿತು ನಿಶ್ಚಿಂತೆಯಿಂದ ಮೇಯುತ್ತಿತ್ತು.

"ಇದಾ ಹಾವು?" ಎಂದರು ಅಪ್ಪ ಡಬ್ಬಿಯ ಮೇಲಿಂದಲೇ.

"ಮಗು ಮಾರಾಯ್ರೆ. ಅವನಿಗೆ ಎಂತ ಗೊತ್ತು?"

ಅಪ್ಪ ಇಳಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ಸುಮ್ಮನಿರಬೇಕಲ್ಲ, "ದೊಡ್ಡ ಹುಳ ಬಾವಿ ಹತ್ತಿರ ಉಂಟು" ಎಂದ. ನಾನು ಅವನ ತೋಳು ಚಿವುಟಿದೆ. ಅಪ್ಪ ಮಾತ್ರ, "ಹುಳದ ಕಾಟ ಜೋರಾ? ಕಾಕಾನೂ ಹೋಟೆಲಿಗೆ ಬಂದಾಗ ಹೇಳಿದ್ರು, ನಿಮ್ಮ ಹಿತ್ತಲದಾಗ ಹುಳ ಭಾಳ ದೊಡ್ಡದದ ಅಂತ" ಎಂದು ಯೋಚನೆ ಮಾಡಿದರು. ಮುಂದಿನ ಭಾನುವಾರ ಹುಳದ ಪುಡಿಯ ಒಂದು ದೊಡ್ಡ ಡಬ್ಬಿಯೊಂದಿಗೆ ಬಂದರು. ಮೈ ಒರೆಸುವ ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ಬಾವಿಯ ಸುತ್ತ, ಕಲ್ಲಿನ ಸಂದಿಯಲ್ಲಿ, ಬೇಲಿಯ ಬುಡದಲ್ಲಿ ರಂಗೋಲಿ ಹಾಕುವ ಹಾಗೆ ಪುಡಿ ಉದುರಿಸಿದರು. ಕಾಕಾ ಬೇಲಿಗೆ ಒರಗಿ ನಿಂತು ನೋಡುತ್ತಿದ್ದರು.

"ರಾಯರ, ಈ ಪುಡೀಗೆ ಆ ಹುಳ ಸಾಯೂದಿಲ್ರಿ. ಭಾಳಂದ್ರ ಒಂದು ಸೀನು ಸೀನಬಹುದು."

"ಅಷ್ಟು ಗಟ್ಟಿಯ ಹುಳವಾ?"

"ಗಟ್ಟಿ ಅಂದ್ರ! ನಿಮ್ಮ ಪುಡಿ ಡಬ್ಬೀ ನುಂಗಿ ನೀರು ಕುಡೀತದ."

ಒಳಗೆ ಅಮ್ಮ ಮತ್ತು ಕಾಕು ಸೆರಗು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಉರುಳಾಡುತ್ತಿದ್ದರು.

ಬೇಸಿಗೆ ಮುಗಿಯುತ್ತ ಬಂದಂತೆ ಎಲ್ಲರಿಗೂ ಮಳೆಯ ಜ್ವರ. ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತುತ್ತಿವೆ, ಇವತ್ತು ಬಂದೇ ಬರುತ್ತದೆ ಎಂದು ಅಮ್ಮ. ಪಂಚಾಂಗ ಹಿಡಿದು, ಮೃಗಶಿರ ಹೊಕ್ಕ ಹೊರತು ಒಂದು ಹನಿಯೂ ಬೀಳದು ಎಂದು ಕಾಕು. ಇಬ್ಬರೂ ತಮ್ಮ ತಮ್ಮ ಮಾತೇ ಸತ್ಯವೆಂದು ಪಟ್ಟು ಹಿಡಿದು, ಕಾಕು ಸಂಡಿಗೆ ಒಣಗಿಸಿದರು, ಅಮ್ಮ ಒಣಗಿಸಲಿಲ್ಲ. ಮಳೆ ಅಂದು ಬರಲಿಲ್ಲ, ಅಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. ಮರುದಿನ ಅಮ್ಮನೂ ಹಪ್ಪಳ ಹರಡಿದಳು. ಆಗ ಬಂತು ನೋಡಿ. ಇರುವೆಯನ್ನೂ ಕೇಳದೆ, ಪಂಚಾಂಗವನ್ನೂ ಕೇಳದೆ, ಗುಡ್ಡದ ಮೇಲಿಂದ ಗದ್ದೆ ದಾಟಿ ಓಡೋಡಿ ಬಂತು. ಹಪ್ಪಳ, ಸಂಡಿಗೆ ಎಲ್ಲ ಅಂಟು ಅಂಟು. ರಾತ್ರಿಯಿಂದ ಗದ್ದೆಯ ಕಪ್ಪೆಗಳು ಹಿಡಿದ ವರಾತ ಹೇಳತೀರದು. ಹಲಸಿನ ಮರದ ತುಂಬ ಮಿಂಚುಹುಳ. ತಮ್ಮ ಅವನ್ನು "ಮಿಂಚುಹಾವು" ಎನ್ನುತ್ತಿದ್ದ. ನಾವು ತಿದ್ದಲಿಲ್ಲ, ಅವನು ಹೇಳಿದರೆ ಅಪ್ಪ ನಗುತ್ತಿದ್ದರಷ್ಟೇ.

ಹಾವು ಕಾಣದಿದ್ದರೂ ಅಪ್ಪನ ತಲೆಯಿಂದ ಆ ಕೋಣೆ ಹೋಗಿರಲಿಲ್ಲ. ಒಂದು ದಿನ ನಮ್ಮನ್ನು ಅದನ್ನು ನೋಡಲು ಕರೆದುಕೊಂಡು ಹೋದರು. ಲೋಕಲ್ ಹತ್ತಿ ಚರ್ಚ್‌ಗೇಟಿಗೆ, ಅಲ್ಲಿಂದ ನಡೆದು ಒಂದು ಹಳೆಯ ಬಿಲ್ಡಿಂಗಿಗೆ. ಹಗಲಲ್ಲೂ ದೀಪ ಹಾಕಬೇಕು. ಇದ್ದ ಒಂದೇ ಕಿಟಕಿ ತೆರೆದರೆ ಎದುರು ಬಿಲ್ಡಿಂಗಿನ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಪ್ರಾಣಿಯೆಂದರೆ ಒಂದು ಜಿರಳೆ, ಅದೂ ಮುದಿಯಾದದ್ದು. ಅಪ್ಪ ನಳ ತಿರುಗಿಸಿ ನೀರು ಬಿಟ್ಟು ತೋರಿಸಿದರು, ನಿಲ್ಲಿಸಿದರು, ಮತ್ತೆ ಬಿಟ್ಟು ತೋರಿಸಿದರು. ಅವರ ಮುಖದಲ್ಲಿ ಅಷ್ಟು ಖುಷಿ. ಅಮ್ಮ ಕಿಟಕಿಯ ಹತ್ತಿರ ನಿಂತಿದ್ದಳು.

"ಇಲ್ಲಿ ಮಳೆ ಬಂದರೆ ಹೇಗೆ ಗೊತ್ತಾಗ್ತದೆ?" ಎಂದು ಕೇಳಿದಳು.

ಅಪ್ಪ ನಳ ನಿಲ್ಲಿಸಿ, "ಹೊರಗೆ ಹೋದವರು ಒದ್ದೆಯಾಗಿ ಬರ್ತಾರಲ್ಲ, ಆಗ ಗೊತ್ತಾಗ್ತದೆ" ಎಂದರು.

ತಮಾಷೆಗೆ ಹೇಳಿದ್ದಲ್ಲ. ಅಮ್ಮ ನಗಲಿಲ್ಲ. ಮನೆಗೆ ಬಂದು, ಹಿಂಬಾಗಿಲು ತೆರೆದು, ಸುರಿಯುವ ಮಳೆಯಲ್ಲಿ ಕೊಡೆಯಿಲ್ಲದೆ ಬಾವಿಕಟ್ಟೆಯ ತನಕ ಹೋಗಿ ಬಂದಳು. ಏನು ನೋಡಿದಳೋ ನನಗೆ ಗೊತ್ತಿಲ್ಲ. ನನಗೆ ಆ ರಾತ್ರಿ ಭಯವಾಯಿತು, ಅಳು ಬಂತು.

ಶ್ರಾವಣದ ಒಂದು ಭಾನುವಾರ ಅಪ್ಪ ಬಂದವರೇ ಹೇಳಿದರು. "ನಾಳೆ ಧಣಿಗಳಿಗೆ ಹೂಂ ಅಂತ ಹೇಳಬೇಕು. ಇನ್ನು ತಡೆಯುವುದಿಲ್ಲ ಅವರು."

ಅಮ್ಮ "ಮೊದಲು ಊಟ ಮಾಡಿ" ಎಂದಳು. ಅವಳಲ್ಲಿ ಬೇರೆ ವಾದವೇನೂ ಇರಲಿಲ್ಲ, ಪತ್ರೊಡೆ ಇತ್ತು. ಹಿತ್ತಲಿನ ಎಳೆ ಕೆಸುವಿನ ಎಲೆಗೆ ಅಕ್ಕಿ ಹಿಟ್ಟು, ಮೆಣಸು, ಹುಳಿ, ಬೆಲ್ಲ ರುಬ್ಬಿ ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿದ್ದಳು. ಫೋರ್ಟಿನ ಕೋಣೆಯಲ್ಲಿ ಕೆಸು ಎಲ್ಲಿ ಬೆಳೆಯುತ್ತದೆ? ಅದನ್ನು ಅಪ್ಪನ ನಾಲಗೆಯೇ ಅವರಿಗೆ ಹೇಳಲಿ ಎಂದು ಅಮ್ಮನ ಉಪಾಯ. ಕಾಕಾ, ಕಾಕು ಇಬ್ಬರನ್ನೂ ಊಟಕ್ಕೆ ಕರೆದಿದ್ದಳು. ಮಳೆ ಬಿಡದೆ ಹೊಡೆಯುತ್ತಿದ್ದರಿಂದ ಕಾಕುವಿನ ಭಜನೆ ಅಂದು ನಡೆದಿರಲಿಲ್ಲ.

ಸಾಲಾಗಿ ಕುಳಿತೆವು. ತೆಂಗಿನೆಣ್ಣೆ ಸುರಿದ ಬಿಸಿ ಪತ್ರೊಡೆ ಅಪ್ಪನ ಎಲೆಗೆ ಬಂತು. ಅಪ್ಪ ಎಂದಿನ ಹಾಗೆ ತಲೆಯೆತ್ತಿ ಮಾಡು ನೋಡಿದರು. ಎತ್ತಿದ ತಲೆ ಇಳಿಯಲಿಲ್ಲ.

ನಾವೆಲ್ಲ ಮೇಲೆ ನೋಡಿದೆವು. ಅಡ್ಡತೊಲೆಯ ಮೇಲೆ, ಮಳೆಯ ಚಳಿಗೆ ಬೆಚ್ಚಗಿನ ಜಾಗ ಹುಡುಕಿ ಬಂದು, ನಮ್ಮ ಹುಳ ಉದ್ದಕ್ಕೆ ಮಲಗಿತ್ತು. ಬಾಲ ಮಾತ್ರ ಅಪ್ಪನ ಎಲೆಯ ನೇರಕ್ಕೆ ಒಂದು ಗೇಣು ಕೆಳಗೆ ಇಳಿಬಿದ್ದಿತ್ತು.

ಕಾಕಾನ ಬಾಯಿಗೆ ಹೊರಟ ಪತ್ರೊಡೆ ಅರ್ಧ ದಾರಿಯಲ್ಲಿ ನಿಂತಿತು. ಆಗ ತಮ್ಮ ಶನಿವಾರದ ಪಾಠವನ್ನು ಸ್ವಲ್ಪವೂ ತಪ್ಪಿಲ್ಲದೆ ಒಪ್ಪಿಸಿದ. "ಹುಳ."

ಅಪ್ಪ ಮೇಲೆ ನೋಡುತ್ತಲೇ, "ಇದಾ ಹುಳ?" ಎಂದರು.

ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಕಾಕುವಿನ ಭಜನೆ, ಪುಡಿಯ ಡಬ್ಬಿ, ಕಾಕಾನ ಮಾತು, ಒಂದೊಂದೂ ಅವರ ತಲೆಯೊಳಗೆ ಬಂದು ಕೂರುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಕಾಕು ಮೆಲ್ಲಗೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಅಮ್ಮ ಬಡಿಸುವ ಸೌಟು ಕೆಳಗಿಟ್ಟಳು. "ಹೌದು. ಸುಳ್ಳು ಹೇಳಿದ್ದು ನಾನು. ಮಕ್ಕಳ ಬಾಯಲ್ಲೂ ಹೇಳಿಸಿದ್ದು ನಾನು. ಆ ಕೋಣೆಗೆ ನನಗೆ ಬರ್ಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಅಲ್ಲಿ ನನಗೆ ಉಸಿರು ಕಟ್ಟುತ್ತದೆ. ಇಲ್ಲಿ ನೀವು ಇಲ್ಲದ ದಿನ, ಬೆಳಿಗ್ಗೆ ಎದ್ದರೆ ನೋಡ್ಲಿಕ್ಕೆ ಎಂತಾದರೂ ಉಂಟು. ನೀವು ಬೇಕು, ಇದೂ ಬೇಕು. ಅದೊಂದು ಪಾಪದ ಹಾ..."

"ಹೇಳಬೇಡ!" ಅಪ್ಪ ಕೂಗಿದ ರಭಸಕ್ಕೆ ಮೇಲಿನ ಬಾಲ ಒಮ್ಮೆ ಅಲ್ಲಾಡಿತು. ಅಪ್ಪ ದನಿ ತಗ್ಗಿಸಿದರು. "ಆ ಶಬ್ದ ಹೇಳಬೇಡ ಮಾರಾಯ್ತಿ. ನೀನು ಅದನ್ನು ಹೇಳಿದರೆ ನಾನು ನಾಳೆ ಗಂಟುಮೂಟೆ ಕಟ್ಟಬೇಕಾಗ್ತದೆ. ಹೇಳಿದ ಮಾತು ಹೇಳಿದ್ದೇ. ಹುಳ ಅಂತ ಹೇಳು."

ಅಮ್ಮ ಅವರ ಮುಖ ನೋಡಿದಳು.

"ಹುಳ" ಎಂದಳು.

"ಹುಳ ತಾನೆ? ಒಂದು ಹುಳಕ್ಕೆ ಯಾರಾದರೂ ಮನೆ ಬಿಡ್ತಾರಾ?"

ಇಷ್ಟು ಹೇಳಿ ಅಪ್ಪ ಎಲೆ ಸಮೇತ ಕುಳಿತಲ್ಲಿಂದಲೇ ಹಿಂದಕ್ಕೆ ಹಿಂದಕ್ಕೆ ಜರುಗತೊಡಗಿದರು. ಹೊಸ್ತಿಲು ದಾಟಿದರು, ಜಗಲಿಗೆ ಬಂದರು, ಜಗಲಿಯ ತುದಿಗೂ ಹೋದರು. ಅಲ್ಲಿ ಅರ್ಧ ಮೈ ಮಳೆಯಲ್ಲಿ, ಕಣ್ಣು ಒಳಗಿನ ತೊಲೆಯ ಮೇಲೆ, ಕೈ ಅಂದಾಜಿನಲ್ಲಿ ಎಲೆಯ ಮೇಲೆ ಇಟ್ಟು ಉಂಡರು. ಒಂದೆರಡು ತುಂಡು ಬಾಯಿಗೆ, ಒಂದೆರಡು ಗಲ್ಲಕ್ಕೆ. "ಪತ್ರೊಡೆ ಭಾರೀ ಲಾಯ್ಕ ಆಗಿದೆ" ಎಂದರು, ಹಲ್ಲು ಕಟಕಟ ಎನ್ನುತ್ತಿದ್ದರೂ. ಕಾಕಾ ಬಿದ್ದು ಬಿದ್ದು ನಕ್ಕರು. ಅಮ್ಮ ನಗುತ್ತಲೂ ಅಳುತ್ತಲೂ ಹೊರಗೆ ಹೋಗಿ ಇನ್ನೆರಡು ತುಂಡು ಹಾಕಿದಳು.

ಅಪ್ಪ ಧಣಿಗಳಿಗೆ ಕೋಣೆ ಬೇಡವೆಂದರು. ಬದಲಿಗೆ ಲೋಕಲಿನ ಪಾಸು ಮಾಡಿಸಿಕೊಂಡರು. ನಸುಕಿಗೆ ಹೆಂಚು ಕಾಯಿಸುವ ಕೆಲಸವನ್ನು ಹೋಟೆಲಿನ ಇನ್ನೊಬ್ಬರಿಗೆ ಒಪ್ಪಿಸಿ, ಮೊದಲ ಲೋಕಲಿಗೆ ಹೋಗಿ ಸಂಜೆಗೆ ಬರತೊಡಗಿದರು. ತಮ್ಮ ಸ್ವಲ್ಪ ದಿನದಲ್ಲೇ ಅವರ ಹೆಗಲೇರಿದ. ಆದರೆ ಭಯ ಹೋಯಿತೇ? ಎಲ್ಲಿಂದ ಹೋಗುತ್ತದೆ! ದಿನಾ ಬೇಲಿಯ ಆಚೆಯೇ ನಿಂತು, ಇಡೀ ಚಾಳಿಗೆ ಕೇಳುವ ಹಾಗೆ "ಹುಳ ಎಲ್ಲುಂಟು?" ಎಂದು ಕೂಗುತ್ತಿದ್ದರು. ಅಮ್ಮ ಹಿತ್ತಲು, ಮಾಡು, ಬಚ್ಚಲು ಎಲ್ಲ ನೋಡಿ ಬಂದು "ಗದ್ದೆಯಲ್ಲಿ ಉಂಟು, ಬನ್ನಿ" ಎಂದು ಹೇಳುವ ತನಕ ಕಾಲು ಒಳಗಿಡುತ್ತಿರಲಿಲ್ಲ. ಮಳೆಯಿದ್ದರೆ ಮಳೆಯಲ್ಲೇ ನಿಲ್ಲುತ್ತಿದ್ದರು. ತೊಟ್ಟಿಕ್ಕುತ್ತಾ ಒಳಗೆ ಬಂದವರ ಕೈಗೆ ಬೈರಾಸು ಕೊಡುತ್ತಾ ಅಮ್ಮ ಕೇಳುತ್ತಿದ್ದಳು. "ಹೊರಗೆ ಮಳೆ ಬರ್ತಾ ಉಂಟಾ? ನಮಗೆ ಒಳಗೆ ಗೊತ್ತೇ ಆಗ್ಲಿಲ್ಲ ಮಾರಾಯ್ರೆ."